ಇಪ್ಪತ್ತು ಸೀರೆ ಹರವಿಸಿ ಎದ್ದು ಹೋಗುವವರು

ಸಿಟ್ಟು ಇನ್ನೂ ಇಳಿದಿಲ್ಲ. ಮೊನ್ನೆ ಶನಿವಾರ ಸ್ಟುಟ್‌ಗಾರ್ಟ್‌ನಿಂದ ಎರಡು ಕಾರಲ್ಲಿ ಎಂಟು ಜನ ರೈನ್ ನದಿ ದಾಟಿ ಫ್ರಾನ್ಸಿನ ಅಲ್ಸೇಸ್‌ಗೆ ಹೋಗಿದ್ದೆವು. ಕೋಲ್ಮಾರ್ ಹತ್ತಿರದ ಹಳ್ಳಿ, ಒಂದೇ ಕುಟುಂಬದ ದ್ರಾಕ್ಷಿ ತೋಟ, ಮನೆ ಕೆಳಗೇ ವೈನಿನ ನೆಲಮಾಳಿಗೆ. ರುಚಿ ನೋಡುವುದಕ್ಕೆ ದುಡ್ಡಿಲ್ಲ ಅಂದಿದ್ದೇ ತಡ, ನಮ್ಮವರು ಮದುವೆಮನೆ ಪಂಕ್ತಿಗೆ ಕೂತ ಹಾಗೆ ಕೂತುಬಿಟ್ಟರು.

ಅರವತ್ತು ದಾಟಿದ ಯಜಮಾನಿ ಮೊದಲು ರೀಸ್ಲಿಂಗ್ ಅನ್ನೋ ಬಿಳಿ ವೈನ್ ಸುರಿದರು. "ಹುಳಿ" ಅಂದರು ನಮ್ಮವರು. ಆಮೇಲೆ ಪಿನೋ ಗ್ರಿ. ಕೊನೆಗೆ ಗೆವುರ್ಟ್ಸ್‌ಟ್ರಾಮಿನರ್, ಹೆಸರು ಹೇಳೋಕೆ ನಾಲಿಗೆ ಹೊರಳಲ್ಲ, ಆದರೆ ಮೂಗಿಗೆ ಹಿಡಿದರೆ ಥೇಟ್ ಗುಲ್ಕನ್! ಪಶ್ಚಿಮದ ಮಳೆಯನ್ನು ವೋಸ್ಜ್ ಬೆಟ್ಟಗಳು ತಡೆಯುತ್ತವೆ, ಅದಕ್ಕೇ ಇಲ್ಲಿ ದ್ರಾಕ್ಷಿ ಚೆನ್ನಾಗಿ ಮಾಗುತ್ತದೆ ಅಂತ ಆಕೆ ಹೇಳುತ್ತಿದ್ದರು. ನಮ್ಮ ಘಟ್ಟದಾಚೆಯ ಬಯಲುಸೀಮೆ ಕತೆಯೇ ಅಲ್ವಾ? ಕೇಳಿಸಿಕೊಂಡವರು ಯಾರು! ಎಲ್ಲರೂ ಪೀಪಾಯಿ ಪಕ್ಕ ಸೆಲ್ಫಿಯಲ್ಲಿದ್ದರು.

ರುಚಿ ನೋಡಿದ ವೈನನ್ನು ನುಂಗದೆ ಉಗುಳಲು ಬಕೆಟ್ ಇಟ್ಟಿದ್ದರು. "ಛೀ, ಎಂಜಲು" ಅಂತ ಕಾರು ಓಡಿಸುವವನೂ ನುಂಗಿದ. ಊರಲ್ಲಿ ಬಸ್ ಕಿಟಕಿಯಿಂದ ಉಗುಳುವಾಗ ಬಾರದ ನಾಚಿಕೆ! ಕೀ ಕಿತ್ತುಕೊಂಡು ಇನ್ನೊಬ್ಬನಿಗೆ ಕೊಡಬೇಕಾಯಿತು.

ಗುಲ್ಕನ್ ಗ್ಲಾಸು ಎರಡನೇ ಸಲವೂ ಕೇಳಿ ಹಾಕಿಸಿಕೊಂಡರು. ಆಮೇಲೆ ಥ್ಯಾಂಕ್ಯೂ, ಬೈ ಬೈ. ಹನ್ನೆರಡು ಯೂರೋದ ಒಂದು ಬಾಟ್ಲಿಯನ್ನೂ ಕೊಳ್ಳಲಿಲ್ಲ.

"ಕೊಳ್ಳಲೇಬೇಕು ಅಂತ ಬೋರ್ಡ್ ಹಾಕಿದ್ದಾರಾ?" ಅಂತ ಕಾರಲ್ಲಿ ಒಬ್ಬ ಗೆಳೆಯನ ವಾದ. ಹಾಕಿಲ್ಲ ಸ್ವಾಮಿ. ಹಿಡಿಸದಿದ್ದರೆ ಬಿಡಿ, ಯಾರೂ ಬೇಡ ಅನ್ನಲ್ಲ. ಹಿಡಿಸದ್ದನ್ನು ಎರಡನೇ ಗ್ಲಾಸ್ ಯಾಕೆ ಕೇಳಿದಿರಿ?

ತಿಪಟೂರಲ್ಲಿ ನಮ್ಮದು ಬಟ್ಟೆ ಅಂಗಡಿ. ಇಪ್ಪತ್ತು ಸೀರೆ ಹರವಿಸಿ, ಮೇಲೆ ಕಾಫಿ ಕುಡಿದು, "ಆಮೇಲೆ ಬರ್ತೀವಿ" ಅಂತ ಎದ್ದು ಹೋಗೋರು. ಅಪ್ಪ ನಗುತ್ತಲೇ ಕಳಿಸಿ, ಒಂದೊಂದನ್ನೇ ಮತ್ತೆ ಮಡಚುತ್ತಿದ್ದರು. ಮೊನ್ನೆ ಆಕೆ ಎಂಟು ಜನರ ಗ್ಲಾಸು ಒಂದೊಂದೇ ತೊಳೆಯುವುದು ನೋಡಿ ನನಗೆ ಅದೇ ಕಂಡಿತು.

ಹಾಗಂತ ನಾನೇನು ಸಾಚಾ ಅಲ್ಲ. ಐದು ವರ್ಷದ ಹಿಂದೆ ಮೊದಲ ಸಲ ಹೋದಾಗ ನಾನೂ ನಾಲ್ಕು ರುಚಿ ನೋಡಿ ಬರಿಗೈಲಿ ಎದ್ದು ಬಂದವನೇ. ಅದರ ಬಡ್ಡಿ ಸೇರಿಸಿ ಮೊನ್ನೆ ಆರು ಬಾಟ್ಲಿ ತಗೊಂಡೆ. ರೀಸ್ಲಿಂಗ್ ಮೂರು, ಗುಲ್ಕನ್ ಮೂರು.

ಇವತ್ತು ಬೆಳಿಗ್ಗೆ ಅದೇ ಬೋರ್ಡ್ ಗೆಳೆಯನ ಫೋನ್: "ಮಗಾ, ಆ ಗುಲ್ಕನ್ ಬಾಟ್ಲಿ ಯಾವಾಗ ತೆಗೀತೀಯಾ?"