ಇಲಿ ಪ್ರಯೋಗ ಹೇಳಿದ್ದು ‘ಮಾತ್ರೆ ಬೇಡ’ ಅಂತಲ್ಲ

“ಹೊಟ್ಟೆಯಲ್ಲಿ ಹುಳು ಇದ್ದರೆ ರೋಗ ತಡೆಯುವ ಶಕ್ತಿ ಜಾಸ್ತಿಯಾಗುತ್ತದೆ, ಇಲಿಗಳಲ್ಲಿ ಸಾಬೀತಾಗಿದೆ, ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡಬೇಡಿ” ಎಂಬ ಸಂದೇಶ ಓಡಾಡುತ್ತಿದೆ. ಪ್ರಯೋಗ ನಡೆದಿರುವುದು ನಿಜ. ಮಿಕ್ಕಿದ್ದು ತಲೆಕೆಳಗಾಗಿದೆ.

ಬ್ಯಾಕ್ಟೀರಿಯಾವನ್ನು ನುಂಗಿದಂತೆ ಹುಳುವನ್ನು ನುಂಗಲು ಬಿಳಿ ರಕ್ತಕಣಕ್ಕೆ ಆಗುವುದಿಲ್ಲ. ಹುಳು ಅಷ್ಟು ದೊಡ್ಡದು. ಹಾಗಾಗಿ ಇಲಿಯ ಕರುಳು ಬೇರೆ ದಾರಿ ಹಿಡಿಯುತ್ತದೆ. ಒಳಪದರದ ಟಫ್ಟ್ ಕೋಶಗಳು ಹುಳುವಿನ ಸುಳಿವು ಹಿಡಿದು ಐಎಲ್-25 ಎಂಬ ಸಂಕೇತ ಬಿಡುತ್ತವೆ. ಇದು ಗೊತ್ತಾಗಿದ್ದು 2016ರಲ್ಲಿ. ಆ ಸಂಕೇತದ ಕರೆಗೆ ಐಎಲ್‌ಸಿ2 ಎಂಬ ರಕ್ಷಣಾ ಕೋಶಗಳು ಐಎಲ್-13 ಎಂಬ ಇನ್ನೊಂದು ಸಂಕೇತ ಸುರಿಸುತ್ತವೆ. ಲೋಳೆ ಹೆಚ್ಚುತ್ತದೆ, ಕರುಳು ಜೋರಾಗಿ ಹಿಂಡುತ್ತದೆ, ಹುಳು ಹೊರಬೀಳುತ್ತದೆ. ಅಂದರೆ ದೇಹ ಹುಳುವನ್ನು ಓಡಿಸಲು ಒದ್ದಾಡುತ್ತಿದೆ, ಸಾಕುತ್ತಿಲ್ಲ!

ಹೆಲಿಗ್ಮೊಸೊಮಾಯ್ಡಿಸ್ ಎಂಬ ಹುಳು ಮಾತ್ರ ಪಕ್ಕಾ ಪಾಕಡಾ. ತಿಂಗಳುಗಟ್ಟಲೆ ಉಳಿಯುತ್ತದೆ. ರಕ್ಷಣೆಗೆ ಕಡಿವಾಣ ಹಾಕುವ, ಇಲಿಯ ದೇಹದ್ದೇ ಆದ ಟಿಜಿಎಫ್-ಬೀಟಾ ಎಂಬ ಸಂಕೇತದಂತೆ ನಟಿಸುವ ಪ್ರೋಟೀನ್ ಬಿಟ್ಟು ರಕ್ಷಣೆಯನ್ನು ತಣ್ಣಗಾಗಿಸುತ್ತದೆ. ಇದರಿಂದ ಇಲಿಗಳಲ್ಲಿ ಅಲರ್ಜಿ ತಗ್ಗಿದ್ದು ಹೌದು. ಸಂದೇಶ ಹುಟ್ಟಿದ್ದು ಬಹುಶಃ ಇಲ್ಲೇ. ಆದರೆ ತಗ್ಗಿದ ರಕ್ಷಣೆಯನ್ನು ‘ಹೆಚ್ಚಿದ ಶಕ್ತಿ’ ಅನ್ನೋದು ಹೇಗೆ? 2014ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಹುಳು ಹೊತ್ತ ಇಲಿಗಳು ವೈರಸ್ ಎದುರಿಸುವಲ್ಲಿ ಸೋತಿದ್ದವು. ಸುಮ್ಮನೆ ಅಡಗಿದ್ದ ಹರ್ಪಿಸ್ ಜಾತಿಯ ವೈರಸ್ ಕೂಡ ಮತ್ತೆ ಎದ್ದಿತ್ತು.

ಇನ್ನು ಮಕ್ಕಳ ಮಾತು. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರಿ ರಕ್ತಹೀನತೆ ತರುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಎಂಬ ಜಂತುಹುಳದ ಮಾತ್ರೆ ಕೊಡುವುದು ಇಂಥ ಹುಳುಗಳಿಗೇ. ತಪ್ಪದೆ ಕೊಡಿಸಿ.