ನಂಬರ್ 325

ಸಿಗಂದೂರಿಗೆ ಸೇತುವೆ ಆಗುವ ಮುಂಚೆ ಲಾಂಚಿನಲ್ಲಿ ಹಿನ್ನೀರು ದಾಟಿದವರಿಗೆ, ಎರಡನೇ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ದಡಕ್ಕಿಳಿಸುತ್ತಿದ್ದ ಈ ಅಮೆರಿಕದ ಹಡಗನ್ನು ಅರ್ಧ ವಿವರಿಸಿದರೆ ಸಾಕು. ದಡ ಹತ್ತಿರ ಬರುತ್ತಿದ್ದಂತೆ ಮುಂದಿನ ಕಬ್ಬಿಣದ ಹಲಗೆ ಧಡ್ ಅಂತ ಬೀಳುತ್ತಿತ್ತು. "ಬರ್ಲಿ, ಬರ್ಲಿ, ರೈಟ್" ಅನ್ನುತ್ತ ಬಸ್ಸು ಇಳಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಬಂದ್, ಜನಕ್ಕೆ ಮಾತ್ರ ಅವಕಾಶ. ಹಲಗೆ ದಡಕ್ಕೆ ಸರಿಯಾಗಿ ಕೂರದಿದ್ದರೆ ಲಾಂಚು ಇದ್ದೂ ಇಲ್ಲದ ಹಾಗೆ.

1941ರ ನವೆಂಬರ್‌ನಲ್ಲಿ ಅಮೆರಿಕದ ನೌಕಾ ವಿನ್ಯಾಸಗಾರ ಜಾನ್ ನೀಡರ್ಮೇರ್ ಎದುರಿಗೂ ಇದೇ ತಾಪತ್ರಯ ಇತ್ತು. ಆದರೆ ಅಲ್ಲಿ ಬಸ್ಸಿನ ಜಾಗದಲ್ಲಿ ಟ್ಯಾಂಕು, ಹಿನ್ನೀರಿನ ಜಾಗದಲ್ಲಿ ಅಟ್ಲಾಂಟಿಕ್. ಸಾಗರ ದಾಟುವ ಹಡಗು ನೀರಿನಲ್ಲಿ ಆಳವಾಗಿ ಕೂರಬೇಕು, ಇಲ್ಲದಿದ್ದರೆ ಅಲೆ ಎತ್ತಿ ಒಗೆಯುತ್ತದೆ. ಮರಳಿಗೆ ಹತ್ತುವ ಹಡಗು ಮೇಲೆ ತೇಲಬೇಕು. ಎರಡೂ ಒಂದೇ ಹಡಗು ಹೇಗಾದೀತು? ಅವರ ಉಪಾಯ ಎಷ್ಟು ಸರಳ ಅಂದರೆ ಓದುವಾಗ ನಗು ಬರುತ್ತದೆ. ಹೊಟ್ಟೆಯಲ್ಲಿ ದೊಡ್ಡ ದೊಡ್ಡ ತೊಟ್ಟಿ ಇಡು. ನಡುಗಡಲಲ್ಲಿ ಅವಕ್ಕೆ ನೀರು ತುಂಬಿಸು, ದಡ ಬಂದಾಗ ಪಂಪ್ ಮಾಡಿ ಚೆಲ್ಲು. ಆಗ ಮೂತಿಯ ಹತ್ತಿರ ಸುಮಾರು ನಾಲ್ಕು ಅಡಿ ನೀರಿದ್ದರೆ ಸಾಕು. ದಡಕ್ಕೆ ನುಗ್ಗುವ ಮುಂಚೆ ಹಿಂಬದಿಯಿಂದ ಒಂದು ಲಂಗರು ಕೆಳಗೆ ಬಿಡಬೇಕು. ಟ್ಯಾಂಕು ಇಳಿದ ಮೇಲೆ ಅದರ ಹಗ್ಗವನ್ನೇ ಸುತ್ತಿಕೊಳ್ಳುತ್ತ ಹಡಗು ತನ್ನನ್ನು ತಾನೇ ನೀರಿಗೆ ಎಳೆದುಕೊಳ್ಳುತ್ತದೆ. ಬೇರೆ ಹಡಗು ನೆಲ ಹತ್ತಿದರೆ ಕ್ಯಾಪ್ಟನ್ ಮೇಲೆ ವಿಚಾರಣೆ. ಇದರ ಕ್ಯಾಪ್ಟನ್‌ಗೆ ಅದೇ ಡ್ಯೂಟಿ.

ಇದೇ ಎಲ್‌ಎಸ್‌ಟಿ, ಲ್ಯಾಂಡಿಂಗ್ ಶಿಪ್ ಟ್ಯಾಂಕ್. 328 ಅಡಿ ಉದ್ದ, 50 ಅಡಿ ಅಗಲ, ರೈಲಿಗೆ ಹಾಕುವ ಜಾತಿಯ ಎರಡು ಡೀಸೆಲ್ ಎಂಜಿನ್. ಎಷ್ಟು ಒದ್ದಾಡಿದರೂ 12 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. ಅದರಲ್ಲಿದ್ದ ನಾವಿಕರೇ ಆ ಮೂರಕ್ಷರಕ್ಕೆ 'ಲಾರ್ಜ್ ಸ್ಲೋ ಟಾರ್ಗೆಟ್' ಅಂತ ಅರ್ಥ ಹಚ್ಚಿದ್ದರು. ಅಂದರೆ ದೊಡ್ಡದು, ನಿಧಾನ, ಗುರಿಗೆ ಸಲೀಸು. ಅಮೆರಿಕ ಇಂಥವನ್ನು ಸಾವಿರಕ್ಕೂ ಮಿಕ್ಕಿ ಕಟ್ಟಿತು, ಆದರೂ ಸಾಲಲಿಲ್ಲ. ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ಕರಾವಳಿಗೆ ಮಿತ್ರರಾಷ್ಟ್ರಗಳ ಸೇನೆ ಇಳಿದ ನಾರ್ಮಂಡಿ ದಾಳಿ 1944ರ ಮೇ ತಿಂಗಳಿಂದ ಜೂನ್‌ಗೆ ಸರಿಯಲು ಒಂದು ದೊಡ್ಡ ಕಾರಣ ದಡಕ್ಕಿಳಿಸುವ ಹಡಗುಗಳ ಕೊರತೆ. ಸೇನಾಧಿಪತಿಗಳ ಚಾಣಾಕ್ಷತನದ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಲಗೇಜ್ ಲೆಕ್ಕವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ ಅನ್ನುವುದು ನನ್ನ ಹಳೇ ತಕರಾರು.

ಇಷ್ಟು ದುಡಿದ ಹಡಗಿಗೆ ಒಂದು ಹೆಸರೂ ಇಲ್ಲ. ಯುದ್ಧನೌಕೆಗೆ ರಾಜ್ಯದ ಹೆಸರು, ಕ್ರೂಸರಿಗೆ ಊರಿನ ಹೆಸರು. ಇದಕ್ಕೆ ನಂಬರ್, ಲಾರಿಗೆ ಇದ್ದ ಹಾಗೆ. ನಾನು ಬೆನ್ನು ಹತ್ತಿದ್ದು 325ನೆಯದನ್ನು. 1942ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನೀರಿಗಿಳಿಯಿತು, ಮರುವರ್ಷ ಫೆಬ್ರವರಿಯಲ್ಲಿ ಸೇವೆಗೆ ಸೇರಿತು. ಇಟಲಿಯ ಸಿಸಿಲಿ, ಸಲೆರ್ನೊ ದಾಳಿಗಳನ್ನು ಮುಗಿಸಿಕೊಂಡು ನಾರ್ಮಂಡಿಗೆ ಬಂತು. ಅಲ್ಲಿ ಓಮಾಹಾ ಅಂತ ಕರೆದ ದಡದ ಎದುರು ನಿಂತಿದ್ದು ಜೂನ್ 7ರಂದು, ಅಂದರೆ ದಾಳಿ ಶುರುವಾದ, ಎಲ್ಲರಿಗೂ ಗೊತ್ತಿರುವ ಆ ದಿನದ ಮಾರನೇ ದಿನ. ಆಮೇಲೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ನಲವತ್ತಕ್ಕೂ ಹೆಚ್ಚು ಟ್ರಿಪ್. ಈ ಜಾತಿಯ ಹಡಗುಗಳು ಹೋಗುವಾಗ ಟ್ಯಾಂಕು, ಲಾರಿ ಹೊರುತ್ತಿದ್ದವು, ಬರುವಾಗ ಗಾಯಾಳುಗಳನ್ನು. ಅದೇ ಡಿಸೆಂಬರ್ 28ಕ್ಕೆ ಎಂಪೈರ್ ಜಾವೆಲಿನ್ ಅನ್ನುವ ಸೈನಿಕ ಸಾಗಣೆ ಹಡಗು ಮುಳುಗತೊಡಗಿದಾಗ 325 ಸುಮಾರು 700 ಜನರನ್ನು ಕಾಪಾಡಿತು.

ಗುಂಡಿಗೆ ಬಗ್ಗದ ಹಡಗನ್ನು ಕೊನೆಗೆ ಹೆದರಿಸಿದ್ದು ಗಾಳಿ. 1945ರ ಮೇ ತಿಂಗಳು, ಯುರೋಪಿನಲ್ಲಿ ಯುದ್ಧ ಮುಗಿದು ಮನೆಗೆ ಹೊರಟಿತ್ತು. ಅಟ್ಲಾಂಟಿಕ್‌ನ ಬಿರುಗಾಳಿಯಲ್ಲಿ ಮೂತಿ ಅಲೆಗೆ ಬಡಿದು ಮೇಲಿನ ಡೆಕ್ಕೇ ಬಿರುಕು ಬಿಟ್ಟಿತು. ಹಡಗಿನ ವೆಲ್ಡರುಗಳು ಬಿರುಕಿಗೆ ಅಡ್ಡಲಾಗಿ ಉಕ್ಕು ಬೆಸೆದು ಅಮೆರಿಕ ಮುಟ್ಟಿಸಿದರು. ಓಲಾಡುವ ಹಡಗು, ಮೈಮೇಲೆ ಸಮುದ್ರದ ನೀರು, ಕೈಯಲ್ಲಿ ವೆಲ್ಡಿಂಗ್ ರಾಡು. ಪದಕ ಕೊಡುವ ಕೆಲಸ ನನ್ನದಾಗಿದ್ದರೆ ಮೊದಲು ಇವರಿಗೇ ಕೊಡುತ್ತಿದ್ದೆ.

ಇದರ ಚರಿತ್ರೆ ಓದುವಾಗ ನನಗೆ ಕಸಿವಿಸಿಯಾಗುವುದು ಇಲ್ಲಿಂದ ಮುಂದೆ. ಯುದ್ಧದ ಎರಡೂವರೆ ವರ್ಷಕ್ಕೆ ಪುಟಗಟ್ಟಲೆ ವಿವರ. 1964ರಿಂದ 1999ರವರೆಗೆ, ಮೂವತ್ತೈದು ವರ್ಷ, ಇದು ಗ್ರೀಸ್ ನೌಕಾಪಡೆಯಲ್ಲಿ ದುಡಿಯಿತು. ಅದಕ್ಕೆ ಸಿಗುವುದು ಒಂದೇ ವಾಕ್ಯ. ಆದರೆ ಹೆಸರಿಟ್ಟವರು ಗ್ರೀಕರೇ. ತಮ್ಮದೊಂದು ದ್ವೀಪದ ಹೆಸರು: ಸಿರೋಸ್. ಹುಟ್ಟಿಸಿದವರು ನಂಬರ್ ಕೊಟ್ಟರು, ಸಾಕಿಕೊಂಡವರು ಹೆಸರಿಟ್ಟರು.

2000ನೇ ಇಸವಿಯಲ್ಲಿ ಅಮೆರಿಕದ ಮಾಜಿ ನಾವಿಕರ ಗುಂಪೊಂದು ಹಡಗು ನಿಂತಿದ್ದ ಗ್ರೀಸ್‌ನ ಕ್ರೀಟ್ ದ್ವೀಪದ ಸೌದಾ ಬೇಗೆ ಬಂದಿಳಿಯಿತು. ಸರಾಸರಿ ವಯಸ್ಸು 72. ನಮ್ಮ ಮನೆಗಳಲ್ಲಾದರೆ ಆ ವಯಸ್ಸಿಗೆ ಸ್ಕೂಟರ್ ಕೀಲಿಯನ್ನೂ ಅಡಗಿಸಿಡುತ್ತಾರೆ. ಈ ಅಜ್ಜಂದಿರು ತುಕ್ಕು ಕೆರೆದು, ಎಂಜಿನ್ ಬಿಚ್ಚಿ ಜೋಡಿಸಿ, ರಾಬರ್ಟ್ ಜೋರ್ನ್‌ಲಿನ್ ನಾಯಕತ್ವದಲ್ಲಿ ನವೆಂಬರ್ ನಡುವಿನಲ್ಲಿ ಹೊರಟೇಬಿಟ್ಟರು. ಚಳಿಗಾಲದ ಅಟ್ಲಾಂಟಿಕ್ ದಾಟಿ 2001ರ ಜನವರಿ 10ರಂದು ಅಲಬಾಮಾದ ಮೊಬೀಲ್ ತಲುಪಿದರು. ಈಗ ಅದು ಇಂಡಿಯಾನಾದ ಎವನ್ಸ್‌ವಿಲ್‌ನಲ್ಲಿ, ಓಹಾಯೋ ನದಿಯ ದಂಡೆಯಲ್ಲಿದೆ. ಸಮುದ್ರವೇ ಇಲ್ಲದ ಆ ಊರು ಯುದ್ಧಕಾಲದಲ್ಲಿ 167 ಎಲ್‌ಎಸ್‌ಟಿ ಕಟ್ಟಿತ್ತು. 325 ಆ ಊರಿನ ಕೂಸಲ್ಲ, ಆದರೂ ದತ್ತು ತೆಗೆದುಕೊಂಡಿದ್ದಾರೆ. ಬರೀ ನಿಲ್ಲಿಸಿಲ್ಲ, ಇವತ್ತಿಗೂ ಎಂಜಿನ್ ಚಾಲೂ ಮಾಡಿ ನದಿಯಲ್ಲಿ ಊರೂರು ಸುತ್ತಿಸುತ್ತಾರೆ. ಮೂತಿಯ ಮೇಲೆ ದೊಡ್ಡದಾಗಿ 325. ಸಿರೋಸ್ ಅಂತಲೂ ಅದರ ಪಕ್ಕದಲ್ಲಿ ಅಷ್ಟೇ ದಪ್ಪಗೆ ಬರೆದಿದ್ದರೆ ನನಗೆ ಇನ್ನೂ ಖುಷಿಯಾಗುತ್ತಿತ್ತು.

ಹೆಸರಿನ ಮಾತು ಬಂತಲ್ಲ, ನಮ್ಮ ನೌಕಾಪಡೆಗೂ 1949ರಲ್ಲಿ ಬ್ರಿಟಿಷರಿಂದ ಎಲ್‌ಎಸ್‌ಟಿ ಒಂದು ಬಂತು. ಅಲ್ಲಿ ಅದರ ನಂಬರ್ 3011, ಆಮೇಲೆ ಅವೆಂಜರ್ ಅಂತ ಕರೆದಿದ್ದರು. ಮೂತಿಯ ಎರಡು ಬಾಗಿಲು ಬಾಯಿಯಂತೆ ತೆರೆದು ದಡಕ್ಕೆ ಹತ್ತುವ ಆ ಪ್ರಾಣಿಯನ್ನು ನಮ್ಮವರು ಸರಿಯಾಗಿ ಗುರುತು ಹಿಡಿದರು. ಐಎನ್‌ಎಸ್ ಮಗರ್ ಅಂದರು, ಮೊಸಳೆ.