ಸುನಾಮಿ ಊರಿಗೆ ಸರ್ಟಿಫಿಕೇಟು, ನಮ್ಮ ಮೈಕ್ ಕಾಕಾಗ ಬೈಗಳ

ನಿನ್ನೆ ಸಂಜಿಮುಂದ ಉಣಕಲ್ ಕೆರಿ ದಂಡಿಗೆ ಗಿರ್ಮಿಟ್ ತಿನ್ಕೋತ ಕುಂತಾಗ ನಾ ಸುನಾಮಿ ಮಾತು ತಗದೆ, ಗೆಳ್ಯಾ ನಕ್ಕೇ ನಕ್ಕ. "ಲೇ ಹುಬ್ಬಳ್ಳಿ ಸಮುದ್ರಕ್ಕಿಂತ 2,000 ಅಡಿ ಮ್ಯಾಲೈತಿ, ಇಲ್ಲಿತನ ನೀರು ಬಂದ್ರ ಕಾರವಾರದ ಮಂದಿ ಎಲ್ಲಾ ಮೊದ್ಲ ನಿಮ್ ಮನಿಗೆ ಬಂದು ಚಾ ಕುಡದಿರ್ತಾರ ಬಿಡು" ಅಂದ. ನಾನೂ ನಕ್ಕೆ. ಆದ್ರ ನೋಡ್ರಿ, ದೇಶಕ್ಕೆಲ್ಲಾ ಸುನಾಮಿ ಸುದ್ದಿ ಕೊಡೋ ಇನ್‌ಕಾಯ್ಸ್ ಕೇಂದ್ರ ಇರೋದೂ ಸಮುದ್ರದ ದಂಡಿಗಲ್ಲ, ಹೈದರಾಬಾದ್‌ನಾಗ.

ನಾ ಹೇಳಾಕ ಹೊಂಟಿದ್ದು ಒಡಿಶಾದ ಸುದ್ದಿ. 2020ರಾಗ ಅಲ್ಲಿನ ವೆಂಕಟರಾಯಪುರ, ನೋಲಿಯಾಸಾಹಿ ಅನ್ನೋ ಎರಡು ಹಳ್ಳಿಗೆ ಯುನೆಸ್ಕೋದವ್ರು "ಸುನಾಮಿ ರೆಡಿ" ಅಂತ ಮಾನ್ಯತೆ ಕೊಟ್ರು, ಹಿಂದೂ ಮಹಾಸಾಗರದ ಸುತ್ತ ಇಂಥಾದ್ದು ಸಿಕ್ಕಿದ್ದು ಅವಕ್ಕ ಮೊದಲ. 2024ರಾಗ ಮತ್ತ 24 ಸೇರಿ 26 ಆದ್ವು, ಎಲ್ಲಾವೂ ಒಡಿಶಾದ್ದ. 1999ರ ಚಂಡಮಾರುತದಾಗ ಹತ್ತತ್ರ ಹತ್ತು ಸಾವಿರ ಮಂದೀನ ಕಳಕೊಂಡ ರಾಜ್ಯ ಅದು, ಪೆಟ್ಟು ತಿಂದು ಕಲತಾರ. ಏನ್ ಮಾಡ್ಯಾರಪಾ ಅವ್ರು ಅಂದ್ರ ಕೇಳಾಕ ಭಾಳ ಸಪ್ಪನ್ನ ಕೆಲಸ. ನೀರು ಎಲ್ಲಿತನ ಬರಬಹುದು ಅಂತ ನಕ್ಷೆ, ಯಾವ ದಾರಿ ಹಿಡದು ಓಡ್ಬೇಕು ಅಂತ ಬೋರ್ಡು, ರಾತ್ರಿ ಎರಡಕ್ಕ ಸುದ್ದಿ ಬಂದ್ರೂ ತಗೊಳ್ಳಾಕ ಒಬ್ಬಾಂವ, ಎರಡು ವರ್ಷಕ್ಕ ಒಮ್ಮೆರ ಊರೆಲ್ಲಾ ಓಡೋ ಪ್ರಾಕ್ಟೀಸು. ನಾಕು ವರ್ಷಕ್ಕೊಮ್ಮೆ ಮತ್ತ ಪರೀಕ್ಷೆ ಬ್ಯಾರೆ, ಕೈಬಿಟ್ರ ಮಾನ್ಯತೆ ಹೋತು. ನನಗ ಭಾಳ ಹಿಡಿಸಿದ್ದು ಇದ. ನಮ್ ಕಡೆ ಒಮ್ಮೆ ಶಾಲು ಹಾಕಿದ್ರ ಸಾಯೋತನ ಅದ ಫೋಟೋ ಗ್ವಾಡಿಗೆ ಇರತೈತಿ!

"ಸರ್ಟಿಫಿಕೇಟ್‌ನಿಂದ ಅಲೆ ನಿಲ್ಲತೈತೇನು" ಅಂತ ಕೇಳಬಹುದು ನೀವು. ನಿಲ್ಲೂದಿಲ್ಲ. 2004ರ ಡಿಸೆಂಬರ್ 26ಕ್ಕ ಸುಮಾತ್ರಾದ ಕಡೆ ಭೂಮಿ ನಡುಗಿದ್ದು ನಮ್ ಟೈಮ್‌ನಾಗ ಮುಂಜಾನೆ ಆರೂವರಿಗೆ, ತಮಿಳುನಾಡಿಗೆ ನೀರು ಬಡದಿದ್ದು ಎರಡು ತಾಸಿನ ಮ್ಯಾಲೆ. ಎರಡು ತಾಸು ಅಂದ್ರ ಹುಬ್ಬಳ್ಳಿಯಿಂದ ಗದಗಿಗೆ ಹೋಗಿ ಊಟ ಮಾಡಬಹುದು, ಅಷ್ಟು ಟೈಮ್ ಇದ್ರೂ ನಾಗಪಟ್ಟಣಂ ಒಂದರಾಗ ಆರು ಸಾವಿರ ಮಂದಿ ಹೋದ್ರು, ಹೇಳಾಕ ಯಾರೂ ಇದ್ದಿಲ್ಲ. ಅದ ದಿನ ಪುದುಚೇರಿ ಹತ್ರ ನಲ್ಲವಾಡು ಅನ್ನೋ ಮೀನುಗಾರರ ಊರಿಗೆ ಸಿಂಗಾಪುರದಾಗ ದುಡಿಯೋ ಆ ಊರಿನ ಹುಡುಗ ಒಬ್ಬಾಂವ ಟಿವಿ ನೋಡಿ ಫೋನ್ ಹಚ್ಚಿದ. ಊರಾಗ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವ್ರ ಪ್ರತಿಷ್ಠಾನದ ಮಾಹಿತಿ ಕೇಂದ್ರ ಇತ್ತು, ದಿನಾ ಅಲೆ ಎಷ್ಟು ಎತ್ತರ ಅಂತ ಕೂಗೋ ಮೈಕ್ ಇತ್ತು, ಅದ ಮೈಕ್‌ನಾಗ ಓಡ್ರಿ ಅಂದ್ರು. ಊರಿಗೂರ ಉಳೀತು. ಈಗ ಹೈದರಾಬಾದ್‌ನಿಂದ ಹತ್ತು ನಿಮಿಷದಾಗ ಸುದ್ದಿ ಹೊರಡತೈತಿ ಖರೆ, ಆದ್ರ ಕಡೀ ಅರ್ಧ ಮೈಲು ಆ ಮೈಕ್‌ನ ಬೇಕು.

ಮೈಕ್ ಅಂದಕೂಡ್ಲೆ ನನಗ ನೆನಪಾಗೋದು ಮಲಪ್ರಭಾ ದಂಡಿಗಿರೋ ನಮ್ ಸ್ವಾದರಮಾವನ ಊರು, ನರಗುಂದ ಕಡೆ. 2009ರ ಹೊಳಿ ಬಂದ ಗೆರಿ ಅವ್ರ ಪಡಸಾಲಿ ಗ್ವಾಡಿ ಮ್ಯಾಲೆ ಇನ್ನೂ ಐತಿ, ನನ್ ಎದಿಮಟ್ಟ, ಕಂದು ಬಣ್ಣ, ಮ್ಯಾಲೆ ಎರಡು ಸಲ ಸುಣ್ಣ ಬಳದ್ರೂ ಹಾಯ್ದು ಬರತೈತಿ. ಹಗೇದಾಗಿನ ಜೋಳ ಕೊಳತ ವಾಸನಿ ದೀಪಾವಳಿ ಮುಗದ್ರೂ ಹೋಗಿದ್ದಿಲ್ಲಂತ ಅತ್ತಿ ಹೇಳ್ತಾಳ. 2019ರ ಆಗಸ್ಟ್‌ನಾಗ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಕಾಕಾ ಒಬ್ಬಾಂವ, ಯಾರ್ ನೌಕರನೂ ಅಲ್ಲ, ಜಾತ್ರಿಗೆ ಮೈಕ್ ಬಾಡಿಗಿ ಕೊಡಾಂವ, ಸೈಕಲ್‌ಗೆ ಬ್ಯಾಟರಿ ಕಟ್ಕೊಂಡು ನಡರಾತ್ರಿ ಓಣಿ ಓಣಿ ಕೂಗಿದ. ದನ ಬಿಚ್ರಿ, ದನ ಬಿಚ್ರಿ. ಅಷ್ಟ. ಆಮ್ಯಾಲೆ ದೋಣಿ ತಂದವ್ರಿಗೆ ಸತ್ಕಾರ ಆತು, ಆಗ್ಲಿ, ಅವ್ರೂ ಜೀವ ಒತ್ತಿ ಇಟ್ಟವ್ರ. ಆದ್ರ ದೋಣಿ ಬರೋಕಿಂತ ಮೊದ್ಲ ದಿಬ್ಬ ಹತ್ತಿದವ್ರ ಲೆಕ್ಕ ಯಾವ ಪೇಪರ್‌ನಾಗೂ ಬರ್ಲಿಲ್ಲ.

ಜಪಾನದಾಗ ಹಮಾಗುಚಿ ಗೊರಿಯೋ ಅಂತಿದ್ದ. 1854ರಾಗ ಭತ್ತದ ಬಣವಿಗೆ ಬೆಂಕಿ ಹಚ್ಚಿ ಕತ್ತಲಾಗ ಮಂದಿಗೆ ದಿಬ್ಬದ ದಾರಿ ತೋರಿಸಿದಾಂವ, ನವೆಂಬರ್ 5ಕ್ಕ ಜಗತ್ತೆಲ್ಲಾ ಸುನಾಮಿ ಜಾಗೃತಿ ದಿನ ಮಾಡೂದು ಆ ಕತಿ ಮ್ಯಾಲೆ. ಬೆಂಕಿ ಎಲ್ಲಾರಿಗೂ ಗೊತ್ತೈತಿ. ಆಮ್ಯಾಲೆ ಅಂವ ಸ್ವಂತ ರೊಕ್ಕ ಸುರದು, ಕೆಲಸಿಲ್ಲದ ಊರ ಮಂದೀಗೇ ಕೂಲಿ ಕೊಟ್ಟು ದೊಡ್ಡ ಒಡ್ಡು ಕಟ್ಟಿಸಿದ, ಅದು ಕೆಲಸಕ್ಕ ಬಂದಿದ್ದು 1946ರ ಸುನಾಮಿಗೆ. ಅಷ್ಟೊತ್ತಿಗೆ ಅಂವ ಸತ್ತು 60 ವರ್ಷ ದಾಟಿತ್ತು.

ಇನ್ನೊಂದು ತೊಡಕು ಐತಿ. ಕೂಗಿದ ಮ್ಯಾಲೆ ನೀರು ಬರ್ಲಿಲ್ಲಂದ್ರ? 2012ರ ಏಪ್ರಿಲ್ 11ಕ್ಕ ಸುಮಾತ್ರಾದ ಕಡೆ 8.6ರ ಭೂಕಂಪ ಆತು, ಚೆನ್ನೈನಾಗ ಮಂದಿ ಬೀಚ್ ಬಿಟ್ಟು ಓಡಿದ್ರು, ದೊಡ್ಡ ಅಲೆ ಬರ್ಲೇ ಇಲ್ಲ. ಅಲ್ಲಿ ಸಮುದ್ರದ ತಳ ಮ್ಯಾಲೆ ಎದ್ದು ನೀರು ಎತ್ತಿದ್ದಿಲ್ಲ, ಅಡ್ಡ ಸರದಿತ್ತು. ಹಂಗಂತ ಕೂಗಿದ್ದು ತಪ್ಪೇನು?

ಹೋದ ಸಲ ಊರಿಗೆ ಹೋದಾಗ ಮೈಕ್ ಕಾಕಾ ಕಟ್ಟಿ ಮ್ಯಾಲೆ ಎಲಿ ಅಡಕಿ ಹಾಕ್ಕೊಂಡು ಕುಂತಿದ್ದ. 2019ರ ಆಚೆ ಇನ್ನೊಂದು ಮಳಿಗಾಲಕ್ಕ ಹಿಂಗ ರಾತ್ರಿ ಕೂಗಿದ್ನಂತ, ಹೊಳಿ ಊರೊಳಗ ಬರ್ಲಿಲ್ಲ, ಮರುದಿನ ಮುಂಜಾನೆ ಮೂರ್ ಮನಿಯವ್ರು ಬಂದು ನಿದ್ದಿ ಕೆಡಿಸಿದಿ ಅಂತ ಬೈದು ಹೋಗ್ಯಾರ. ಮತ್ತ ಕೂಗ್ತಿ ಏನ್ ಕಾಕಾ ಅಂದೆ. "ಬ್ಯಾಟರಿ ವೀಕ್ ಆಗೇತಿ, ಹುಬ್ಬಳ್ಳಿಂದ ಒಂದು ತಂದಕೊಡು" ಅಂದ.